ನಿನ್ನೆಯ ಹಾಳೆ

ನಿಮ್ಮ ಕೈ ನಿಮ್ಮದೇ ಅಂತ ನೀವು ಅಂದುಕೊಂಡಿದ್ದೀರಿ. ಪೂರ್ಣಿಮಾ ಚಲವಾದಿಯೂ ಹಾಗೇ ಅಂದುಕೊಂಡಿದ್ದಳು, ಆ ಸೋಮವಾರ ಬೆಳಿಗ್ಗೆ ಲೋಹ ಕೆತ್ತುವ ಮಿಲ್ಲಿಂಗ್ ಯಂತ್ರದ ಹಸಿರು ಗುಂಡಿ ಒತ್ತುವವರೆಗೆ.

ಯಂತ್ರ ಏಳಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು: 'ಈ ದಾರಿ ನೋಂದಾಯಿತ. ಮಾಲೀಕರ ಅನುಮತಿಯಿಲ್ಲದೆ ಕತ್ತರಿಸುವಂತಿಲ್ಲ.'

ಪಕ್ಕದ ಯಂತ್ರದ ಮಕ್ತುಮಸಾಬ ನದಾಫ ತನ್ನ ಕೃತಕ ಕಾಲನ್ನು ಕಿರ್ ಕಿರ್ ಅನ್ನಿಸುತ್ತ ಬಂದು ಬಗ್ಗಿ ಓದಿದ. "ಏನ ಪೂರ್ಣವ್ವ, ಮುಂಜಾನೆದ್ದು ಯಾರ ದಾರಿಗೆ ಅಡ್ಡ ಹೋದಿ?"

"ನಂದ ದಾರಿ ಮಾಮಾ. ನಾನ ಬರದದ್ದು."

"ಹಂಗಾರ ಮಾಲೀಕಳೂ ನೀನ. ಲಗೂನ ಅನುಮತಿ ಕೊಟ್ಟಬಿಡು, ಚಾ ಕುಡಿಯೂಣು."

ಪೂರ್ಣಿಮಾ ನಗಲಿಲ್ಲ. ಇನ್ನೊಂದು ಯಂತ್ರಕ್ಕೆ ಹೋದಳು, ಅಲ್ಲೂ ಅದೇ ಕೆಂಪು. ಅಷ್ಟರಲ್ಲಿ ಆಚೆ ಸಾಲಿನ ಶೆಡ್ಡುಗಳಿಂದ ಜನ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಬೆಳಗಾವಿಯ ಹೊರಗಿನ ಆ ರಸ್ತೆಯಲ್ಲಿ ಬೆಳಗಿನ ಹೊತ್ತು ಅಷ್ಟು ಮೌನ ಯಾರೂ ಕೇಳಿರಲಿಲ್ಲ.

ದಾರಿ ಅಂದರೆ ಲೋಹ ಕೊರೆಯುವ ಟೂಲು ನಡೆಯುವ ದಾರಿ. ಲೋಹದ ಗಟ್ಟಿಯಿಂದ ಕೃತಕ ಕಾಲಿನ ಒಂದು ಮಂಡಿಕೀಲು ತೆಗೆಯಬೇಕಾದರೆ ಮೊದಲು ಅದರ ಆಕಾರವನ್ನು ಕಂಪ್ಯೂಟರಿನಲ್ಲಿ ಬರೆಯಬೇಕು. ಯಾವ ಟೂಲು, ಎಷ್ಟು ಆಳ, ಎಷ್ಟು ವೇಗ, ಎಲ್ಲಿ ಹೊಕ್ಕು ಎಲ್ಲಿ ಹೊರಬರಬೇಕು ಅಂತ ಹೇಳಬೇಕು. ಸಾಫ್ಟ್‌ವೇರು ಅದನ್ನು ಯಂತ್ರದ ಭಾಷೆಗೆ ತಿರುಗಿಸಿಕೊಡುತ್ತದೆ. ಅಲ್ಲಿಗೆ ಅರ್ಧ ಕೆಲಸ. ಉಳಿದರ್ಧವನ್ನು ಪೂರ್ಣಿಮಾ ಪ್ರತಿ ಭಾನುವಾರ ಶೆಡ್ಡಿನಲ್ಲಿ ಕೂಡುವ ಓದು ಬಳಗದಲ್ಲಿ ಹೇಳಿಕೊಡುತ್ತಿದ್ದಳು. ಒಂದು ತಾಸು ಪುಸ್ತಕ, ಒಂದು ತಾಸು ಯಂತ್ರ. "ಪರದೆ ಮ್ಯಾಲ ಎಲ್ಲಾ ಟೂಲೂ ಹೊಸಾವ ಇರ್ತಾವ. ನಿಮ್ಮ ಕೈಯಾಗಿಂದು ನಿನ್ನೆ ಎಷ್ಟು ಸವೆದೈತಿ ಅನ್ನೂದು ಪರದೆಗೆ ಗೊತ್ತಿಲ್ಲ. ಟೂಲು ಹಿಡಿಕೆಯಿಂದ ಹೊರಗ ಉದ್ದ ಚಾಚಿದ್ರ ನಡುಗತೈತಿ, ಗಿಡ್ಡ ಹಿಡೀರಿ. ಹೊಸಾ ಪ್ರೋಗ್ರಾಮ್ ಮೊದಲ ಗಾಳ್ಯಾಗ ಓಡಸ್ರಿ, ಆಮ್ಯಾಲ ಲೋಹಕ್ಕ ಹಚ್ಚರಿ. ಕಂಪ್ಯೂಟರ್ ಗ್ರೈಂಡರ್ ಬಾಜೂಕ ಇಡಬ್ಯಾಡ್ರಿ, ಅದರ ಫ್ಯಾನು ಕಬ್ಬಿಣದ ಪುಡಿ ಉಸಿರಾಡಿ ಸಾಯತೈತಿ. ಮತ್ತ, ಪುಕ್ಕಟೆ ಬಂದ ಸಾಫ್ಟ್‌ವೇರು ಏನ ತಿಂತೈತಿ ಅಂತ ಕೇಳ್ರಿ."

ಕೊನೆಯ ಮಾತನ್ನು ಅವಳು ಕಲಿತದ್ದು ತಡವಾಗಿ. 'ಹಸ್ತಕ' ಅನ್ನುವ ಸಾಫ್ಟ್‌ವೇರು ಒಂದು ಕಂಪನಿಯಿಂದ ಪುಕ್ಕಟೆಯಾಗಿಯೇ ಬಂದಿತ್ತು, ಜೊತೆಗೆ ಪ್ರತಿ ಯಂತ್ರಕ್ಕೊಂದು ಹೊಳೆಯುವ ಕಂಪ್ಯೂಟರು. ಯಂತ್ರದ ಮಗ್ಗುಲಲ್ಲಿ ಸದ್ದಿಲ್ಲದೆ ಕೂತು ಅದು ಕೈಗಳನ್ನು ನೋಡುತ್ತಿತ್ತು. ಲೋಹ ಕಿರುಚಿದಾಗ ಯಾರು ವೇಗದ ತಿರುಗಣೆಯನ್ನು ಎಷ್ಟು ಇಳಿಸಿದರು, ಮೂಲೆ ಬಂದಾಗ ಯಾರು ಮೊದಲೇ ತಡೆದರು, ಟೂಲು ಮುರಿಯುವ ಮುಂಚೆ ಯಾರಿಗೆ ಸುಳಿವು ಸಿಕ್ಕಿತು, ಎಲ್ಲವನ್ನೂ ಕಲಿಯಿತು. ಕಲಿತು ಮುಗಿಯಿತು ಅನಿಸಿದ ದಿನ ಪುಕ್ಕಟೆ ಮುಗಿಯಿತು. ಶೆಡ್ಡುಗಳವರು ಕಂಪ್ಯೂಟರುಗಳನ್ನು ವಾಪಸು ಕೊಟ್ಟು, ಎಲ್ಲರೂ ಸೇರಿ ಬರೆಯುವ ಮುಕ್ತ ಸಾಫ್ಟ್‌ವೇರಿಗೆ ತಿರುಗಿಕೊಂಡರು. ಆದರೆ ನೋಂದಾಯಿತ ದಾರಿ ಕಂಡರೆ ಯಂತ್ರವನ್ನು ತಡೆಯುವ ಹಸ್ತಕದ ಬೀಗ ಯಂತ್ರದ ಒಳಗೇ ಉಳಿದಿತ್ತು.

ಆಮೇಲೆ ಕಾನೂನು ಬಂತು. ಸಾಫ್ಟ್‌ವೇರು ತಾನೇ ಕಂಡುಹಿಡಿದ ದಾರಿಗೆ ಆ ಸಾಫ್ಟ್‌ವೇರಿನ ಒಡೆಯನೇ ಒಡೆಯ. ಬೇರೆ ಯಾರೇ ಆ ದಾರಿಯಲ್ಲಿ ಟೂಲು ಓಡಿಸಿದರೂ ಬೀಗ ಬೀಳುತ್ತದೆ. ಕಳ್ಳತನವನ್ನು ಅಚ್ಚುಕಟ್ಟಾಗಿ ಟೈಪು ಮಾಡಿಸಿ ಮೊಹರು ಒತ್ತಿದರೆ ಅದಕ್ಕೆ ಆವಿಷ್ಕಾರ ಅನ್ನುವ ಹೆಸರು ಬರುತ್ತದೆ. ಮಂಡಿಕೀಲಿನ ದಾರಿಯನ್ನು ಕಂಪನಿ ತನ್ನ ಹೆಸರಿಗೆ ಬರೆಸಿಕೊಂಡಿತ್ತು.

ಆ ಕೀಲುಗಳು ಕಾಲು ಕಳೆದುಕೊಂಡವರಿಗೆ. ಅಗ್ಗದ, ಗಟ್ಟಿಯಾದ ಕೀಲನ್ನು ಈ ಶೆಡ್ಡುಗಳ ಸಹಕಾರ ಸಂಘ ಎಷ್ಟೋ ಸಲ ಕೆಡಿಸಿ, ಕಲಿತು, ಕಡೆಗೆ ಗೆದ್ದು ಮಾಡಿತ್ತು. ಮೊದಲ ಕೀಲು ಮಕ್ತುಮನ ಕಾಲಿನಲ್ಲಿತ್ತು. ಅದೀಗ ಸವೆದಿತ್ತು. ಹೊಸದು ಯಂತ್ರದ ಮೇಲೆ ಅರ್ಧ ಕೆತ್ತಿದ ಸ್ಥಿತಿಯಲ್ಲಿ ಬಿಗಿದಿತ್ತು, ಬೀಗದ ಒಳಗೆ.

*

"ನಿನ್ನ ಕೈ ಅವರ ಕಡೆ ಹೆಂಗ ಹೋತು?" ಕೆಲವು ದಿನ ಕಳೆದ ಮೇಲೊಂದು ರಾತ್ರಿ ಪೂರ್ಣಿಮಾಳ ಅವ್ವ ಕಲ್ಲವ್ವ ರೊಟ್ಟಿ ಬಡಿಯುತ್ತ ಕೇಳಿದಳು. ಒಂದು ಕಾಲಕ್ಕೆ ಲೋಹ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಮರಳಿನ ಅಚ್ಚು ಮಾಡುತ್ತಿದ್ದ ಹೆಂಗಸು. "ಕೈ ಇಲ್ಲೇ ಐತೆಲ್ಲ, ಪಲ್ಯಾ ತಿನ್ನಾಕತ್ತೈತಿ."

"ನೀ ರೊಟ್ಟಿ ಬಡಿಯೂದನ್ನ ಒಂದು ಯಂತ್ರ ನೋಡತೈತಿ ಅಂತ ತಿಳಕೋ ಅವ್ವಾ. ದಿನಾ ನೋಡತೈತಿ. ಎಷ್ಟು ನೀರು, ಎಲ್ಲಿ ಒತ್ತತಿ, ಯಾವಾಗ ತಿರುವತಿ. ಕಲತು, ಈ ರೊಟ್ಟಿ ನಾನ ಕಂಡ ಹಿಡದೀನಿ ಅಂತೈತಿ. ಮರದಿನದಿಂದ ನೀ ಹಂಚು ಇಟ್ರ ಒಲಿ ಹತ್ತೂದಿಲ್ಲ."

ಕಲ್ಲವ್ವ ಕೈ ನಿಲ್ಲಿಸಿದಳು. "ಒಲಿ ಯಾರದು?"

"ನಂಬದ."

"ಜ್ವಾಳ?"

"ನಂಬದ."

"ಮತ್ತ ನೀ ಸುಮ್ನ ಮನಿಗೆ ಬಂದೀ?"

"ಸುಮ್ನ ಬಂದಿಲ್ಲ. ಅರ್ಜಿ ಹಾಕೀವಿ. ನ್ಯಾಯಮಂಡಳಿ ಮುಂದ ಕರದಾರ. ನಮ್ಮ ಕೈಯಿಂದ ಕಲತದ್ದು ಅಂತ ತೋರಿಸಿದ್ರ ಬೀಗ ತಗೀಬೇಕಾಗತೈತಿ."

"ಹೆಂಗ ತೋರಸ್ತಿ?"

ತೊಡಕಿದ್ದದ್ದು ಅಲ್ಲೇ. ಶೆಡ್ಡುಗಳಿಂದ ಕಲಿತದ್ದರ ದಾಖಲೆಗಳನ್ನೆಲ್ಲ ಒಪ್ಪಂದದ ಪ್ರಕಾರ ಅಳಿಸಿಹಾಕಿದ್ದೇವೆ ಅಂತ ಕಂಪನಿ ಬರೆದುಕೊಟ್ಟಿತ್ತು. ನಿಮ್ಮ ಖಾಸಗಿತನ ಕಾಪಾಡಲು ಅಂತ ಬೇರೆ ಸೇರಿಸಿತ್ತು. ಕದ್ದವನೇ ಬಂದು ನಿಮ್ಮ ಮನೆಯ ಕಸ ಗುಡಿಸಿಕೊಟ್ಟ ಹಾಗೆ.

*

ನ್ಯಾಯಮಂಡಳಿ ಕೂತದ್ದು ಊರಿನೊಳಗಿನ ಒಂದು ದೊಡ್ಡ ಸಭಾಂಗಣದಲ್ಲಿ. ಕಂಪನಿ ತನ್ನ ಹೊಸ ಯಂತ್ರವನ್ನೇ ಲಾರಿಯಲ್ಲಿ ತಂದು ನಿಲ್ಲಿಸಿತ್ತು. ಸುತ್ತ ಗಾಜು, ಒಳಗೆ ನೀಲಿ ದೀಪ. ಹಿಂದಿನ ಬೆಂಚುಗಳಲ್ಲಿ ಶೆಡ್ಡುಗಳ ಜನ ಕೂತಿದ್ದರು.

"ಈ ಯಂತ್ರವನ್ನು ಯಾವ ಮನುಷ್ಯನ ಕೈಯೂ ಮುಟ್ಟಿಲ್ಲ," ಎಂದರು ಕಂಪನಿಯ ವಕೀಲರು. "ಹಸ್ತಕಕ್ಕೆ ಕೀಲಿನ ಆಕಾರವನ್ನಷ್ಟೇ ಕೊಟ್ಟಿದ್ದೇವೆ. ದಾರಿ ಅದರ ಸ್ವಂತದ್ದು. ತಾವೇ ನೋಡಬಹುದು."

ಕಂಪನಿಯ ಎಂಜಿನಿಯರ್ ತನ್ಮಯ್, ಕನ್ನಡಕದ ತೆಳ್ಳನೆಯ ಹುಡುಗ, ಗುಂಡಿ ಒತ್ತಿದ. ಟೂಲು ಕೆಳಗಿಳಿಯಿತು. ಲೋಹವನ್ನು ಇನ್ನೇನು ಮುಟ್ಟಬೇಕು ಅನ್ನುವಾಗ ಕೂದಲೆಳೆಯಷ್ಟು ಮೇಲೇ ನಿಂತಿತು. ಒಂದಿಷ್ಟು ಮೇಲೆದ್ದಿತು. ಆಮೇಲೆ ಚುರುಕಾಗಿ ಎಡಕ್ಕೆ, ಮತ್ತೆ ಎಡಕ್ಕೆ, ಬಲಕ್ಕೆ ಒಮ್ಮೆ ಅಲುಗಿತು. ಆಮೇಲಷ್ಟೇ ತಿರುಗಿ ಕೆತ್ತತೊಡಗಿತು.

ಹಿಂದಿನ ಬೆಂಚಿನಲ್ಲಿ ಮಕ್ತುಮ ಕೆಮ್ಮಿದ. ಕೆಮ್ಮಲ್ಲ, ನಗು. ತಡೆದುಕೊಳ್ಳಲು ಬಾಯಿಗೆ ಟವೆಲ್ಲು ತುರುಕಿಕೊಂಡ. ಅವನ ಪಕ್ಕದವರಿಗೂ ಅದು ಹತ್ತಿತು. ನೋಡುನೋಡುತ್ತ ಇಡೀ ಬೆಂಚುಸಾಲು ಹೊಟ್ಟೆ ಹಿಡಿದುಕೊಂಡಿತು.

"ಏನದು?" ನ್ಯಾಯಮಂಡಳಿಯ ಅಧ್ಯಕ್ಷೆ ಕನ್ನಡಕ ತೆಗೆದರು.

"ತಪ್ಪಾತ್ರಿ ಮೇಡಮ್ಮಾರ," ಮಕ್ತುಮ ಎದ್ದು ನಿಂತ. "ಅಲ್ಲಿ ಹಾಳೀನ ಇಲ್ಲರಿ. ಯಾರನ್ನ ಕೊಡವಾಕತ್ತೈತಿ ಅದು?"

ಅಧ್ಯಕ್ಷೆಗೆ ಅರ್ಥವಾಗಲಿಲ್ಲ. ವಕೀಲರಿಗಂತೂ ಆಗಲೇ ಇಲ್ಲ. ಪೂರ್ಣಿಮಾಳಿಗೆ ಆಯಿತು. ಅವಳು ಎದ್ದು ಒಂದೇ ಮಾತು ಹೇಳಿದಳು: "ನಮಗೆ ಇನ್ನೊಂದು ದಿನ ಬೇಕು ಮೇಡಂ. ಈ ಯಂತ್ರ ಇಲ್ಲೇ ಇರಲಿ."

*

ಸಂಜೆ ಶೆಡ್ಡುಗಳ ಸಂಘದ ಅಧ್ಯಕ್ಷ ಈರಣ್ಣ ಪತ್ತಾರ ಪೂರ್ಣಿಮಾಳ ಮನೆಗೆ ಬಂದ. ಕಲ್ಲವ್ವ ಕೊಟ್ಟ ಚಹಾವನ್ನು ಕಪ್ಪಿನಿಂದ ಬಶಿಗೆ ಹಾಕಿಕೊಂಡ, ಕುಡಿಯಲಿಲ್ಲ.

"ಅದನ್ನ ಹೇಳೂದು ಬ್ಯಾಡ ತಂಗಿ."

"ಯಾಕ ಬ್ಯಾಡ ಈರಣ್ಣಾರ? ನಮ್ಮ ಕೈ ಅದರೊಳಗ ಕುಂತೈತಿ. ಕಣ್ಣಿಗೆ ಕಾಣಾಕತ್ತೈತಿ."

"ಕೈ ಅಲ್ಲ ತಂಗಿ ಅದು, ತಪ್ಪು!"

ಅವನು ಹೇಳಿದ್ದು ನಿಜ. ಆ ರಸ್ತೆಯ ಪ್ರತಿ ಶೆಡ್ಡಿನಲ್ಲೂ ದಿನಕ್ಕೊಂದು ಹಾಳೆ ಕೀಳುವ ಕ್ಯಾಲೆಂಡರು ತೂಗುತ್ತಿತ್ತು. ಬೆಳಿಗ್ಗೆ ಬಂದವರು ನಿನ್ನೆಯ ಹಾಳೆ ಕಿತ್ತು, ಜಾಬಿನ ಮೇಲೆ, ಅಂದರೆ ಕೆತ್ತಬೇಕಾದ ಲೋಹದ ಮೇಲೆ, ಹಾಸುತ್ತಿದ್ದರು. ಟೂಲನ್ನು ಹಾಳೆಗೆ ತಾಗುವ ತನಕ ಇಳಿಸುತ್ತಿದ್ದರು. ಹಾಳೆ ಎಳೆದರೆ ಬರದ ಹಾಗೆ ಹಿಡಿಯಿತು ಅಂದರೆ ಲೋಹದ ಮೈ ಅಲ್ಲೇ ಕೆಳಗಿದೆ. ಅಳತೆಯಿಂದ ಹಾಳೆಯ ದಪ್ಪವನ್ನು ಕಳೆಯಬೇಕಿತ್ತು, ಕಳೆಯುತ್ತಿರಲಿಲ್ಲ. ಒಂದು ಹಾಳೆಯಷ್ಟು ಉಳಿದಿರಲಿ, ಉಳಿದದ್ದನ್ನು ಆಮೇಲೆ ತೆಗೆಯಬಹುದು, ಹೋದದ್ದನ್ನು ಹಚ್ಚಲಾಗದು ಅನ್ನುವುದು ಅಲ್ಲಿನ ರೂಢಿ. ಆಮೇಲೆ ಟೂಲು ಎತ್ತಿದರೆ, ಲೋಹ ತಣಿಸುವ ಕೂಲಂಟಿನ ಹಾಲುಬಣ್ಣದ ನೀರಿಗೆ ನೆನೆದ ಹಾಳೆ ಟೂಲಿನ ತುದಿಗೇ ಅಂಟಿಕೊಂಡು ಮೇಲೆ ಬರುತ್ತಿತ್ತು. ಅದನ್ನು ಬೀಳಿಸಲು ಕೈಚಕ್ರವನ್ನು ಗರಗರ ತಿರುಗಿಸಿ ಎರಡು ಸಲ ಎಡಕ್ಕೆ, ಒಮ್ಮೆ ಬಲಕ್ಕೆ ಕೊಡವುತ್ತಿದ್ದರು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು.

ಲೋಹದ ಮೈ ಅಳೆಯಲು ಪ್ರತಿ ಯಂತ್ರಕ್ಕೂ ಪ್ರೋಬ್ ಅನ್ನುವ ನಾಜೂಕಿನ ಸಾಧನ ಇತ್ತು. ಅದು ಡಬ್ಬಿಯಲ್ಲೇ ಇತ್ತು. ಟೂಲು ಹೊಂದಿಸುವಾಗ ಹಸ್ತಕದ ಕಲಿಕೆಯ ಗುಂಡಿಯನ್ನು ಆರಿಸಿ, ಅದು ನೋಡದಂತೆ ಮಾಡಬೇಕು ಅಂತ ಒಪ್ಪಂದದಲ್ಲೇ ಬರೆದಿತ್ತು. ಯಾರೂ ಆರಿಸಿರಲಿಲ್ಲ.

"ದೊಡ್ಡದೊಡ್ಡ ಗಿರಾಕಿಗಳದಾರ ನಮಗ," ಈರಣ್ಣ ಬಶಿಯನ್ನು ನೆಲಕ್ಕಿಟ್ಟ. "ಪ್ರೋಬ್ ಡಬ್ಬ್ಯಾಗಿಟ್ಟು ಕ್ಯಾಲೆಂಡರ್ ಹಾಳಿ ಹಚ್ಚತೀವಿ, ಗುಂಡಿ ಆರಸಂದ್ರ ಆರಸೂದಿಲ್ಲ, ಅಂತ ಎಲ್ಲಾರ ಮುಂದ ನಾವ ಹೇಳಿಕೊಂಡ್ರ ನಾಳೆ ಯಾರು ಕೆಲಸ ಕೊಡ್ತಾರ? ಕೀಲಿನ ದಾರಿ ಹೋದ್ರ ಹೋಗಲಿ. ಊರ ಹೆಸರು ಹೋಗೂದು ಬ್ಯಾಡ."

"ಈರಣ್ಣಾರ," ಪೂರ್ಣಿಮಾ ಹೇಳಿದಳು, "ನಾವು ಚಂದ ಮಾಡಿದ್ದೆಲ್ಲಾ ಅವರದಾತು. ಯಾಕಂದ್ರ ಚಂದ ಮಾಡಿದ್ದು ಎಲ್ಲಾರದೂ ಒಂದ ನಮೂನಿ ಕಾಣತೈತಿ, ಯಂತ್ರ ಮಾಡೇತಿ ಅಂದ್ರೂ ನಡೀತೈತಿ. ತಪ್ಪೊಂದ ನಮ್ಮದಂತ ಉಳದೈತಿ. ಮರ್ಯಾದಿಗೆ ಅಂಜಿ ಅದನ್ನೂ ಮುಚ್ಚಿಟ್ರ, ನಂಬದು ಅನ್ನಾಕ ಏನ ಉಳೀತು ಹೇಳ್ರಿ?"

ಈರಣ್ಣ ಬಶಿಯನ್ನು ಆಚೆ ಸರಿಸಿದ. ಪೂರ್ಣಿಮಾ ಬಿಡಲಿಲ್ಲ.

"ನಾಳೆ ದರ್ಜಿ ಕೈ ಹೋಗತೈತಿ. ನಾಡಿದ್ದ ಹಜಾಮರ ಕೈ. ಎಲ್ಲಾರೂ ಮರ್ಯಾದಿ ಇಟಗೊಂಡು ಮನ್ಯಾಗ ಕುಂದರೂಣೇನು?"

ಒಲೆಯ ಕಡೆಯಿಂದ ಕಲ್ಲವ್ವ ಬಾಯಿ ಹಾಕಿದಳು. "ಈರಣ್ಣಾ, ಫೌಂಡ್ರ್ಯಾಗ ನಿಮ್ಮಪ್ಪ ಅಚ್ಚು ಒಡದಾಗೊಮ್ಮೆ ಮರಳಿಗೆ ಬೈತಿದ್ದ, ತನ್ನ ತಪ್ಪು ಅಂತಿರಲಿಲ್ಲ. ನೀ ಅಷ್ಟರ ಮಾಡಬ್ಯಾಡ. ಚಾ ಆರಾಕತ್ತೈತಿ, ಕುಡಿ."

ಈರಣ್ಣ ಚಹಾ ಕುಡಿದ. ಹೋಗುವಾಗ ಬಾಗಿಲಲ್ಲಿ ನಿಂತು, "ಕ್ಯಾಲೆಂಡರ್ ನಮ್ಮ ಆಫೀಸಿಂದು ಒಯ್ಯಿ. ಅದರ ಹಾಳಿ ದಪ್ಪ ಅದಾವು," ಅಂದ.

*

ಮರುದಿನ ಸಭಾಂಗಣದಲ್ಲಿ ಪೂರ್ಣಿಮಾ ಬಾಯಿ ತೆರೆಯುವ ಮುಂಚೆಯೇ ವಕೀಲರು ಶುರು ಮಾಡಿದರು. ಆ ಅಲುಗಾಟಕ್ಕೆ ಹೆಸರಿದೆ ಎಂದರು. 'ಸ್ಥಿರೀಕರಣ ಚಲನೆ.' ಕಂಪನ ಕಡಿಮೆ ಮಾಡಲು ಹಸ್ತಕ ಸ್ವಂತ ಬುದ್ಧಿಯಿಂದ ಕಂಡುಕೊಂಡ ಸೂಕ್ಷ್ಮ. ಅದಕ್ಕೂ ಬೇರೆ ನೋಂದಣಿ ಆಗಿದೆ.

"ಅದರ ಉಪಯೋಗ ತೋರಿಸ್ತೀನಿ, ಅಪ್ಪಣೆ ಕೊಡಿ ಮೇಡಂ," ಎಂದಳು ಪೂರ್ಣಿಮಾ.

ಚೀಲದಿಂದ ಕ್ಯಾಲೆಂಡರು ತೆಗೆದು ಗೋಡೆಯ ಮೊಳೆಯೊಂದಕ್ಕೆ ತೂಗುಹಾಕಿದಳು. ನಿನ್ನೆಯ ಹಾಳೆ ಕಿತ್ತಳು. ಯಂತ್ರದ ಕೂಲಂಟಿನಲ್ಲಿ ಅದ್ದಿ, ತನ್ಮಯ್ ಗಾಜಿನ ಬಾಗಿಲು ತೆರೆದುಕೊಟ್ಟಾಗ, ಜಾಬಿನ ಮೇಲೆ ಹಾಸಿ ಅಂಗೈಯಿಂದ ನಯವಾಗಿ ಒತ್ತಿದಳು. ಹಿಂದಿನ ಬೆಂಚಿನಲ್ಲಿ ಈ ಸಲ ಯಾರೂ ನಗಲಿಲ್ಲ.

"ಓಡಿಸಿ ಸರ್."

ತನ್ಮಯ್ ಗುಂಡಿ ಒತ್ತಿದ.

ಟೂಲು ಇಳಿಯಿತು. ನಿನ್ನೆ ಗಾಳಿಯಲ್ಲಿ ಸುಮ್ಮನೆ ನಿಂತಿದ್ದ ಜಾಗದಲ್ಲೇ ಇವತ್ತು ಹಾಳೆಯ ಮೇಲೆ ನಿಂತಿತು. ಹರಿಯಲಿಲ್ಲ, ತೂತು ಮಾಡಲಿಲ್ಲ. ಹಾಳೆಯನ್ನು ಬೆರಳಿಟ್ಟು ಹಿಡಿದಂತೆ ಹಿಡಿಯಿತು. ಮೇಲೆತ್ತಿತು. ಒದ್ದೆ ಹಾಳೆ ತುದಿಗೆ ಅಂಟಿ ಮೇಲೆ ಬಂತು, ತಾರೀಕು ಕಾಣುವ ಹಾಗೆ. ಎಡಕ್ಕೆ. ಎಡಕ್ಕೆ. ಬಲಕ್ಕೆ.

ಹಾಳೆ ಕಳಚಿ ಬದಿಗೆ ಬಿತ್ತು.

ಯಾವ ಮನುಷ್ಯನ ಕೈಯೂ ಮುಟ್ಟಿಲ್ಲದ ಆ ಯಂತ್ರ, ಜಗತ್ತಿನ ಯಾವ ಯಂತ್ರಕ್ಕೂ ಬೇಡದ ಒಂದು ಕೆಲಸವನ್ನು ಎಲ್ಲರ ಎದುರು ಮಾಡಿ ಮುಗಿಸಿ, ತನ್ನ ಪಾಡಿಗೆ ಲೋಹ ಕೆತ್ತತೊಡಗಿತು.

"ನಾವು ಪ್ರೋಬ್ ಬಳಸೂದಿಲ್ಲ," ಪೂರ್ಣಿಮಾ ಅಧ್ಯಕ್ಷೆಯ ಕಡೆ ತಿರುಗಿ ಹೇಳಿದಳು. ಅವಳ ದನಿ ಗಟ್ಟಿಯಾಗಿತ್ತು. "ಹಾಳೆಯ ದಪ್ಪ ಕಳೆಯೂದಿಲ್ಲ. ಕಲಿಕೆಯ ಗುಂಡಿ ಆರಿಸಬೇಕಿತ್ತು, ಆರಿಸಲಿಲ್ಲ. ಮೂರೂ ತಪ್ಪು, ಮೂರೂ ನಮ್ಮವು. ಈಗ ಇವರನ್ನ ಕೇಳಿ. ಹಾಳೆಯನ್ನೇ ಕಾಣದ ಯಂತ್ರ ಹಾಳೆ ಕೊಡವೋದನ್ನ ಎಲ್ಲಿ ಕಂಡುಹಿಡೀತು?"

"ಕಾಕತಾಳೀಯ," ವಕೀಲರು ಎದ್ದರು.

ಅಧ್ಯಕ್ಷೆ ಅವರನ್ನು ಕೂರಲು ಸನ್ನೆ ಮಾಡಿ ತನ್ಮಯನನ್ನು ನೋಡಿದರು. "ನೀವು ಹೇಳಿ. ಈ ಚಲನೆ ಯಾತಕ್ಕೆ ಅಂತ ನಿಮಗೆ ಗೊತ್ತಿತ್ತೇ?"

ತನ್ಮಯ್ ಒಮ್ಮೆ ವಕೀಲರ ಕಡೆ, ಒಮ್ಮೆ ಯಂತ್ರದೊಳಗೆ ಬಿದ್ದ ಒದ್ದೆ ಹಾಳೆಯ ಕಡೆ ನೋಡಿದ. "ಗೊತ್ತಿರಲಿಲ್ಲ ಮೇಡಂ. ತೆಗೆದು ನೋಡಿದ್ವಿ. ಅದು ಬೇರೆ ಎಲ್ಲದರ ಜೊತೆ ಹೆಣೆದುಕೊಂಡಿತ್ತು, ತೆಗೆದರೆ ಮುಂದಿನ ಕೆತ್ತನೆ ಹಾಳಾಗ್ತಿತ್ತು. ಅದಕ್ಕೆ ಬಿಟ್ವಿ. ಬಿಟ್ಟ ಮೇಲೆ ಏನಾದ್ರೂ ಹೆಸರಿಡಬೇಕಲ್ಲ ಅಂತ ಇಟ್ವಿ." ಕನ್ನಡಕ ಸರಿಪಡಿಸಿಕೊಂಡು ಹೇಳಿದ, "ಇವರ ಕೈಯಿಂದಲ್ಲದೆ ಇದು ಬರೋಕೆ ಸಾಧ್ಯ ಇಲ್ಲ."

ವಕೀಲರು ಕಾಗದ ಜೋಡಿಸತೊಡಗಿದರು. ಮಕ್ತುಮ ಪಕ್ಕದವನ ಕಿವಿಯಲ್ಲಿ, "ಆ ಹುಡುಗ ಕಂಪನಿ ಬಿಟ್ರ ನಮ್ಮ ಶೆಡ್ಡಿಗೆ ಕರಕೋಳ್ರಿ. ಕೊಡವೂದು ಕಲಸ್ತೀನಿ," ಅಂದ. ಇಡೀ ಸಭಾಂಗಣಕ್ಕೆ ಕೇಳಿಸಿತು.

*

ಕಲಿಸಿದ ಕೈಗೆ ಕಲಿತ ಯಂತ್ರ ಬೀಗ ಹಾಕುವಂತಿಲ್ಲ ಅಂತ ತೀರ್ಪು ಬಂತು. ಕೀಲಿನ ದಾರಿಯ ನೋಂದಣಿ ರದ್ದಾಯಿತು. ಕಂಪನಿ ಮೇಲ್ಮನವಿಗೆ ಹೋಗಿದೆ, ಹೋಗಲಿ. ಕ್ಯಾಲೆಂಡರಿನಲ್ಲಿ ಇನ್ನೂ ತುಂಬ ಹಾಳೆ ಉಳಿದಿವೆ.

ಈರಣ್ಣ ಅಂಜಿದ ಹಾಗೆ ಗಿರಾಕಿಗಳು ಓಡಿಹೋಗಲಿಲ್ಲ. ಒಬ್ಬ ಫೋನು ಮಾಡಿ ಯಾವ ಕ್ಯಾಲೆಂಡರು ಅಂತ ಕೇಳಿದ. ಈಗ ಈರಣ್ಣ ಯಾರೇ ಶೆಡ್ಡಿಗೆ ಬಂದರೂ ಮೊದಲು ಗೋಡೆ ತೋರಿಸುತ್ತಾನೆ, ಆಮೇಲೆ ಯಂತ್ರ. ಪ್ರೋಬುಗಳೂ ಡಬ್ಬಿಯಿಂದ ಹೊರಬಂದಿವೆ. ಹಾಳೆ ಹಚ್ಚಿದ ಮೇಲೆ ಅದರಿಂದಲೂ ಒಮ್ಮೆ ಅಳೆದು ನೋಡುತ್ತಾರೆ. ತಪ್ಪು ನಮ್ಮದು ಅಂದಮಾತ್ರಕ್ಕೆ ತಿದ್ದಬಾರದು ಅಂತೇನಿಲ್ಲ.

ಬೀಗ ತೆಗೆದ ದಿನ ಪೂರ್ಣಿಮಾ ಮೊದಲು ಮುಗಿಸಿದ್ದು ಅರ್ಧಕ್ಕೆ ನಿಂತಿದ್ದ ಕೀಲನ್ನು. ಮಕ್ತುಮ ಅದನ್ನು ಹಾಕಿಕೊಂಡು ಶೆಡ್ಡಿನ ಆ ತುದಿಯಿಂದ ಈ ತುದಿಗೆ ನಡೆದ. ಸದ್ದೇ ಇಲ್ಲ.

"ಹೆಂಗೈತಿ ಮಾಮಾ?"

"ಕೀಲು ಚಲೋ ಐತಿ. ಆದ್ರ ಕಿರ್ ಅನ್ನಾಂಗಿಲ್ಲ ನೋಡು. ಇನ್ನ ನಾ ಬಂದದ್ದು ಯಾರಿಗೆ ತಿಳೀಬೇಕು? ನೀವೆಲ್ಲಾ ನನ್ನ ಬಗ್ಗೆ ಏನ ಮಾತಾಡ್ತೀರಂತ ಎಲ್ಲಾ ಕೇಳಸತೈತಿ ಈಗ."

ಶೆಡ್ಡುಗಳ ದಾರಿಗಳನ್ನೆಲ್ಲ ಸಂಘ ಮುಕ್ತ ಸಾಫ್ಟ್‌ವೇರಿನಲ್ಲಿ ಹಾಕಿತು. ಯಾರು ಬೇಕಾದರೂ ಬಳಸಬಹುದು, ಯಾವ ಊರಿನ ಯಾವ ಯಂತ್ರವಾದರೂ ಕಲಿಯಬಹುದು. ಓದು ಬಳಗದಲ್ಲಿ ಎಲ್ಲರೂ ಕೂತು ಒಂದೇ ಒಂದು ಷರತ್ತು ಬರೆದರು: ಕೊಡವುವುದನ್ನು ಅಳಿಸಬಾರದು.

ದೂರದ ಯಾವುದೋ ದೇಶದ ವರ್ಕ್‌ಶಾಪಿನಿಂದ ಒಬ್ಬಳು ಕೇಳಿ ಕಳಿಸಿದಳು. ನಿಮ್ಮ ದಾರಿ ಚೆನ್ನಾಗಿದೆ, ಇಲ್ಲಿ ಮಕ್ಕಳಿಗೆ ಕೀಲು ಮಾಡುತ್ತಿದ್ದೇವೆ, ಆದರೆ ಶುರುವಿನಲ್ಲಿ ಟೂಲು ಯಾಕೋ ಸುಮ್ಮನೆ ಅಲುಗುತ್ತದೆ, ಅದು ಏನು? ಜೊತೆಗೊಂದು ವಿಡಿಯೋ. ಯಾರೂ ಕಾಣದ ಊರಿನ ಯಂತ್ರವೊಂದು ಇಲ್ಲದ ಹಾಳೆಯನ್ನು ಎಡಕ್ಕೆ, ಎಡಕ್ಕೆ, ಬಲಕ್ಕೆ ಕೊಡವುತ್ತಿತ್ತು. ಶೆಡ್ಡಿನವರೆಲ್ಲ ಮುಗಿಬಿದ್ದು ನೋಡಿದರು. ಪೂರ್ಣಿಮಾ ಉತ್ತರ ಬರೆದಳು: "ಅದು ನಾವು."

ಬರೆದು, ಎದ್ದು, ಗೋಡೆಯಿಂದ ನಿನ್ನೆಯ ಹಾಳೆ ಕಿತ್ತಳು. ಜಾಬಿನ ಮೇಲೆ ಹಾಸಿದಳು. ಟೂಲು ಇಳಿಸುವ ಮುಂಚೆ ಅವಳ ಕಣ್ಣು ಕಲಿಕೆಯ ಗುಂಡಿಯ ಮೇಲೆ ಹೋಯಿತು. ಈಗಿನದು ಅವರದೇ ಸಾಫ್ಟ್‌ವೇರಿನ ಗುಂಡಿ. ದೀಪ ಉರಿಯುತ್ತಿತ್ತು.

ಅವಳು ಆರಿಸಲಿಲ್ಲ.